ಲಿಸೆನ್ಸೆಫಾಲಿ: ಮಿದುಳಿನಲ್ಲಿ ಮಡಿಕೆಗಳು ಮೂಡದ ಮಗುವನ್ನು ಗುರುತಿಸುವುದು ಹೇಗೆ

ನಾಲ್ಕೈದು ತಿಂಗಳ ಮಗು ನಿದ್ದೆಯಿಂದ ಎದ್ದ ಕೂಡಲೇ ತಲೆಯನ್ನು ಥಟ್ಟನೆ ಮುಂದಕ್ಕೆ ಬಾಗಿಸುತ್ತದೆ, ಎರಡೂ ಕೈ ಚಾಚುತ್ತದೆ, ಮೊಣಕಾಲು ಮಡಚಿಕೊಳ್ಳುತ್ತದೆ. ಒಂದೆರಡು ಸೆಕೆಂಡು ಅಷ್ಟೆ. ತುಸು ಬಿಟ್ಟು ಮತ್ತೆ ಅದೇ, ಹೀಗೆ ಸಾಲಾಗಿ ಹಲವು ಸಲ. ಮನೆಯವರು ಹೊಟ್ಟೆನೋವು ಅಂದುಕೊಳ್ಳುತ್ತಾರೆ, ಇಲ್ಲವೇ ಮಗು ಬೆಚ್ಚಿತು ಅನ್ನುತ್ತಾರೆ. ಇದು ಇನ್‌ಫೆಂಟೈಲ್ ಸ್ಪ್ಯಾಸಮ್ ಎಂಬ ಫಿಟ್ಸ್ ಇರಬಹುದು. ಲಿಸೆನ್ಸೆಫಾಲಿ ಇರುವ ಬಹುಪಾಲು ಮಕ್ಕಳಿಗೆ ಮೊದಲ ವರ್ಷದೊಳಗೇ ಫಿಟ್ಸ್ ಶುರುವಾಗುತ್ತದೆ, ಅವರಲ್ಲಿ ಹೆಚ್ಚಿನವರಲ್ಲಿ ಈ ರೂಪವೂ ಕಾಣುತ್ತದೆ.

ಬೆಚ್ಚುವುದಕ್ಕೂ ಇದಕ್ಕೂ ವ್ಯತ್ಯಾಸ ಹೀಗೆ. ಸದ್ದಾದಾಗಲೋ ಮಲಗಿಸುವಾಗಲೋ ಮಗು ಬೆಚ್ಚಿದರೆ ಸಾಮಾನ್ಯವಾಗಿ ಒಮ್ಮೆಗೆ ಮುಗಿಯುತ್ತದೆ, ನಾಲ್ಕರಿಂದ ಆರು ತಿಂಗಳೊಳಗೆ ಆ ಅಭ್ಯಾಸವೇ ಹೋಗುತ್ತದೆ. ಸ್ಪ್ಯಾಸಮ್‌ಗೆ ಕಾರಣ ಬೇಕಿಲ್ಲ, ಅದು ಗುಂಪಾಗಿ ಬರುತ್ತದೆ. ಅನುಮಾನ ಬಂದರೆ ಹೊದಿಕೆ ತೆಗೆದು, ಮುಖ ಮತ್ತು ಕೈಕಾಲು ಪೂರ್ತಿ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಎಷ್ಟು ಹೊತ್ತಿಗೆ ಬಂತು, ಒಂದು ಗುಂಪಿನಲ್ಲಿ ಎಷ್ಟು ಸಲ ಬಂತು, ಬರೆದಿಡಿ. ಮುಂದಿನ ಲಸಿಕೆಯ ದಿನದವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ನಿದ್ದೆಯೂ ಸೇರುವಂತೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಮಾಡಿಸಬೇಕಾಗುತ್ತದೆ. ಚಿಕಿತ್ಸೆಗೆ ಎಸಿಟಿಎಚ್ ಎಂಬ ಹಾರ್ಮೋನ್ ಚುಚ್ಚುಮದ್ದು, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ವಿಗಾಬಾಟ್ರಿನ್ ಎಂಬ ಫಿಟ್ಸ್ ಔಷಧಿ ಇವೆ. ತಡವಾದಷ್ಟೂ ಹತೋಟಿಗೆ ತರುವುದು ಕಷ್ಟ.

ಮೂಲ ದೋಷ ಹುಟ್ಟುವುದು ಗರ್ಭದಲ್ಲಿ, ಹೆಚ್ಚಾಗಿ 12ರಿಂದ 24ನೇ ವಾರದ ನಡುವೆ. ಆಗ ನರಕೋಶಗಳು ಮಿದುಳಿನ ಒಳಭಾಗದಲ್ಲಿ ಹುಟ್ಟಿ ಹೊರಪದರದತ್ತ ಸಾಗುತ್ತವೆ. ಈ ಪಯಣ ನಡುವೆಯೇ ನಿಂತರೆ ಆರು ಪದರಗಳಿರಬೇಕಾದ ಹೊರಪದರ ನಾಲ್ಕು ಅಡ್ಡಾದಿಡ್ಡಿ ಪದರಗಳಾಗಿ ಉಳಿಯುತ್ತದೆ. ಸುಮಾರು 3–4 ಮಿಲಿಮೀಟರ್ ಇರಬೇಕಾದ ದಪ್ಪ 10 ಮಿಲಿಮೀಟರ್ ದಾಟುತ್ತದೆ, ಮೇಲ್ಮೈ ನುಣುಪಾಗಿಬಿಡುತ್ತದೆ.

ಹೆಚ್ಚಿನ ಪ್ರಕರಣಗಳಿಗೆ ಜೀನ್ ದೋಷವೇ ಕಾರಣ. ಮುಖ್ಯವಾದದ್ದು 17ನೇ ಕ್ರೋಮೋಸೋಮಿನ ಲಿಸ್1 ಜೀನ್; ಇದರಲ್ಲಿ ಮಿದುಳಿನ ಹಿಂಭಾಗ ಹೆಚ್ಚು ನುಣುಪು. ಅದರ ಜೊತೆಗೆ ಪಕ್ಕದ ಜೀನ್‌ಗಳೂ ಕಳಚಿಹೋದರೆ ಮಿಲ್ಲರ್–ಡೀಕರ್ ಸಿಂಡ್ರೋಮ್: ಎತ್ತರದ ಹಣೆ, ಒಳಸೇರಿದ ಕಣತಲೆ, ಮೇಲಕ್ಕೆ ತಿರುಗಿದ ಚಿಕ್ಕ ಮೂಗು, ಸಣ್ಣ ಗದ್ದ. ಎಕ್ಸ್ ಕ್ರೋಮೋಸೋಮಿನ ಡಿಸಿಎಕ್ಸ್ ಜೀನ್ ಕೆಟ್ಟರೆ ಮುಂಭಾಗ ಹೆಚ್ಚು ನುಣುಪು. ಗಂಡುಮಕ್ಕಳಲ್ಲಿ ಅದು ತೀವ್ರ. ಹೆಣ್ಣುಮಕ್ಕಳಲ್ಲಿ ಹೊರಪದರದ ಕೆಳಗೆ ನರಕೋಶಗಳ ಇನ್ನೊಂದು ಪಟ್ಟಿಯಷ್ಟೇ ಕಾಣಬಹುದು, ಲಕ್ಷಣಗಳೂ ಸೌಮ್ಯವಾಗಿರಬಹುದು. ಗರ್ಭದಲ್ಲಿ ಸೈಟೊಮೆಗಾಲೊವೈರಸ್ ಸೋಂಕು ತಗುಲಿದರೂ ಮಡಿಕೆಗಳು ಕೆಡಬಹುದು. ತಾಯಿ ಏನು ತಿಂದಳು, ಎಷ್ಟು ದುಡಿದಳು ಎಂಬುದರಿಂದ ಈ ಜೀನ್ ದೋಷ ಬರುವುದಿಲ್ಲ. ಈ ಮಾತನ್ನು ಮನೆಮಂದಿಯೆಲ್ಲರ ಮುಂದೆ ವೈದ್ಯರೇ ಹೇಳಬೇಕು, ಏಕೆಂದರೆ ದೂರು ಹೊರುವವಳು ಅವಳೇ.

ಫಿಟ್ಸ್‌ಗೂ ಮೊದಲು ಕಾಣುವ ಸುಳಿವುಗಳಿವೆ. ಎತ್ತಿಕೊಂಡಾಗ ಮಗು ಕೈಯಿಂದ ಜಾರುವಷ್ಟು ಮೈ ಸಡಿಲ, ಹಾಲು ಚೀಪಲು ಶಕ್ತಿ ಸಾಲದು, ಮುಖ ನೋಡಿ ನಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ತಿಂಗಳುಗಳು ಕಳೆದಂತೆ ಅದೇ ಕೈಕಾಲು ಬಿಗಿಯಾಗತೊಡಗುತ್ತವೆ.

ತಲೆಯ ಸುತ್ತಳತೆ ಹುಟ್ಟಿದಾಗ ಸರಿಯಾಗಿದ್ದು ಆಮೇಲೆ ಹಿಂದೆ ಬೀಳಬಹುದು, ಆದ್ದರಿಂದ ಒಂದೇ ಅಳತೆಯನ್ನು ನಂಬಬೇಡಿ. ಎಳೆದರೆ ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಗಳ ಮೇಲ್ಗಡೆಯಿಂದ, ತಲೆಯ ಹಿಂದೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಸುತ್ತಿ. ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಟೇಪ್ ಕಿವಿಯನ್ನೇ ಮುಚ್ಚಿ ಕೂತರೆ ಅಥವಾ ಜಡೆಯ ಮೇಲೆ ಹಾದರೆ ಅಳತೆ ತಪ್ಪುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು 1, ಆಮೇಲೆ ವರ್ಷ ತುಂಬುವವರೆಗೆ ಅರ್ಧ ಸೆಂಟಿಮೀಟರ್ ಬೆಳೆಯಬೇಕು. ಬೆಳವಣಿಗೆಯ ಚಾರ್ಟಿನಲ್ಲಿ ಗೆರೆ ಕೆಳಗಿಳಿಯುತ್ತಿದ್ದರೆ ಅದೇ ಎಚ್ಚರಿಕೆ.

ಖಚಿತಪಡಿಸುವುದು ಎಂಆರ್‌ಐ. ಪೂರ್ತಿ ನುಣುಪಾದ ಮಿದುಳು ಅದರಲ್ಲಿ ಇಂಗ್ಲಿಷಿನ 8ರ ಅಂಕಿಯಂತೆ ಕಾಣುತ್ತದೆ. ಮೇಲ್ಮೈ ನುಣುಪಿನ ಬದಲು ಗುಂಡುಕಲ್ಲು ಹಾಸಿದಂತೆ ಒರಟಾಗಿದ್ದರೆ ಅದು ಬೇರೆ ಬಗೆ. ಆಗ ಕಣ್ಣಿನ ತಪಾಸಣೆ ಮತ್ತು ರಕ್ತದಲ್ಲಿ ಸಿಕೆ (ಸ್ನಾಯುಗಳಿಗೆ ಹಾನಿಯಾದಾಗ ಏರುವ ಕಿಣ್ವ) ಪರೀಕ್ಷೆ ಆಗಲೇಬೇಕು, ಏಕೆಂದರೆ ಇದರ ಜೊತೆಗೆ ಹೆಚ್ಚಾಗಿ ಸ್ನಾಯುರೋಗವೂ ಇರುತ್ತದೆ.

ದಿನನಿತ್ಯದಲ್ಲಿ ಹೆಚ್ಚು ಹಾನಿ ಮಾಡುವುದು ಆಹಾರ ಶ್ವಾಸಕೋಶಕ್ಕೆ ಇಳಿಯುವುದು. ಕುಡಿಯುವಾಗ ಕೆಮ್ಮು, ಕುಡಿದ ಮೇಲೆ ಗೊರಗೊರ ಸದ್ದು, ಮರಳಿ ಮರಳಿ ನ್ಯುಮೋನಿಯ ಇದ್ದರೆ ನುಂಗುವ ಪರೀಕ್ಷೆ ಮಾಡಿಸಿ. ಮಲಗಿಸಿಕೊಂಡು ಉಣಿಸಬೇಡಿ. ಬಾಯಿಂದ ಸಾಲದಾದರೆ ಹೊಟ್ಟೆಗೆ ನೇರ ಟ್ಯೂಬ್ ಹಾಕಿಸುವುದನ್ನು ಸೋಲೆಂದು ತಿಳಿಯಬೇಡಿ. ಮಗುವಿನ ತೂಕವೂ ಉಸಿರೂ ಅದರಿಂದ ಉಳಿಯುತ್ತವೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ, ಫಿಟ್ಸ್ ನಿಲ್ಲಿಸುವ ಔಷಧಿ ಮಿಡಾಜೊಲಾಮ್ ಕೊಟ್ಟು ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಗುವಿನ ಯೋಚನೆ ಇದ್ದರೆ ಗರ್ಭ ಧರಿಸುವ ಮೊದಲೇ ಈ ಮಗುವಿನ ಜೀನ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಲಿ. ಲಿಸ್1 ದೋಷ ಬಹುತೇಕ ಹೊಸದಾಗಿ ಹುಟ್ಟಿದ್ದು, ಮರುಕಳಿಸುವುದು ವಿರಳ. ತಾಯಿಯಲ್ಲಿ ಡಿಸಿಎಕ್ಸ್ ದೋಷವಿದ್ದರೆ ಪ್ರತಿ ಮಗುವಿಗೂ ಅದು ಹೋಗುವ ಸಂಭವ 50 ಶೇಕಡಾ. ಮಿಲ್ಲರ್–ಡೀಕರ್ ಇದ್ದರೆ ತಂದೆತಾಯಿಯ ಕ್ರೋಮೋಸೋಮ್ ಪರೀಕ್ಷೆಯೂ ಬೇಕು. 20ನೇ ವಾರದ ಸ್ಕ್ಯಾನ್ ಒಂದನ್ನೇ ನೆಚ್ಚಿಕೊಳ್ಳಬೇಡಿ: ಆ ಹೊತ್ತಿಗೆ ಆರೋಗ್ಯವಂತ ಭ್ರೂಣದ ಮಿದುಳೂ ಹೆಚ್ಚುಕಡಿಮೆ ನುಣುಪಾಗಿಯೇ ಇರುತ್ತದೆ.