ಬಸ್ ಪಥ ಕೇಳುವ ಮೊದಲು ಜನರನ್ನು ಎಣಿಸುವುದು ಹೇಗೆ

ರಸ್ತೆಯ ಒಂದು ಭಾಗವನ್ನು ಬಸ್ಸಿಗೆ ಮೀಸಲಿಡಬೇಕೆಂದು ಕೇಳಿದ ಕೂಡಲೇ ಎದುರಾಗುವ ಆಕ್ಷೇಪವೆಂದರೆ, ಇರುವ ಜಾಗವೇ ವಾಹನಗಳಿಗೆ ಸಾಲುತ್ತಿಲ್ಲ ಎಂಬುದು. ಈ ಆಕ್ಷೇಪಕ್ಕೆ ಪರಿಸರದ ಬಗೆಗಿನ ಒಳ್ಳೆಯ ಮಾತುಗಳಿಂದ ಉತ್ತರ ಸಿಗುವುದಿಲ್ಲ. ಆ ರಸ್ತೆಯಲ್ಲಿ ಯಾರು, ಎಷ್ಟು ಜನ, ಯಾವುದರಲ್ಲಿ ಹೋಗುತ್ತಿದ್ದಾರೆ ಎಂಬ ಲೆಕ್ಕದಿಂದ ಸಿಗುತ್ತದೆ. ನಾಲ್ಕೈದು ವಿದ್ಯಾರ್ಥಿಗಳ ತಂಡವೋ ಬಡಾವಣೆಯ ನಿವಾಸಿಗಳ ಸಂಘವೋ ಒಂದೆರಡು ತಿಂಗಳಲ್ಲಿ ಮಾಡಿ ಮುಗಿಸಬಹುದಾದ ಅಂಥ ಒಂದು ಅಧ್ಯಯನದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳು ಬೆಂಗಳೂರಿನವು, ಕ್ರಮ ಮಾತ್ರ ಮೈಸೂರಿಗೂ ಮಂಗಳೂರಿಗೂ ಹೊಂದುತ್ತದೆ.

ಮೊದಲು ಪ್ರಶ್ನೆಯನ್ನು ಚಿಕ್ಕದಾಗಿಸಿಕೊಳ್ಳಿ. ‘ನಗರದ ಸಾರಿಗೆಯಿಂದ ಎಷ್ಟು ಇಂಗಾಲ ಹೊರಬೀಳುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೂ ಅದನ್ನು ಹಿಡಿದು ಆದೇಶ ಹೊರಡಿಸುವ ಅಧಿಕಾರಿ ಯಾರೂ ಇರುವುದಿಲ್ಲ. ‘ಈ ಎರಡು ಜಂಕ್ಷನ್‌ಗಳ ನಡುವೆ ಬೆಳಗ್ಗೆ 8ರಿಂದ 11ರವರೆಗೆ ಎಡಗಡೆಯ ಪಥವನ್ನು ಬಸ್ಸಿಗೆ ಮೀಸಲಿಟ್ಟರೆ ಎಷ್ಟು ಜನರಿಗೆ ಎಷ್ಟು ಸಮಯ ಉಳಿಯುತ್ತದೆ’ ಎಂದು ಕೇಳಿಕೊಂಡರೆ, ಉತ್ತರವನ್ನು ಯಾರ ಮೇಜಿಗೆ ಒಯ್ಯಬೇಕೆಂಬುದೂ ಆಗಲೇ ಸ್ಪಷ್ಟವಾಗುತ್ತದೆ: ಸಂಚಾರ ಪೊಲೀಸರು, ರಸ್ತೆಯ ಒಡೆತನವಿರುವ ಸಂಸ್ಥೆ, ಬಿಎಂಟಿಸಿ ಮತ್ತು ನಗರ ಭೂಸಾರಿಗೆ ನಿರ್ದೇಶನಾಲಯ.

ಎಣಿಕೆಗೆ ಮಂಗಳವಾರ, ಬುಧವಾರ, ಗುರುವಾರಗಳನ್ನು ಆರಿಸಿಕೊಳ್ಳಿ. ಹಬ್ಬದ ವಾರ, ಶಾಲೆಯ ರಜೆ, ಜೋರು ಮಳೆಯ ದಿನಗಳನ್ನು ಬಿಡಿ. ನಿಲ್ದಾಣಕ್ಕಿಂತ ಸ್ವಲ್ಪ ಮುಂದೆ, ಬಸ್ಸುಗಳು ನಿಧಾನವಾಗಿ ಸಾಗುವ ಕಡೆ, ಫುಟ್‌ಪಾತಿನ ಮೇಲೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿ. ಒಬ್ಬರು ಬಸ್ಸನ್ನು, ಒಬ್ಬರು ಕಾರು ಮತ್ತು ಆಟೊಗಳನ್ನು, ಒಬ್ಬರು ದ್ವಿಚಕ್ರ ವಾಹನಗಳನ್ನು ನೋಡಿಕೊಳ್ಳಲಿ. ಸೈಕಲ್ ಸವಾರರನ್ನೂ ನಡೆದು ಹೋಗುವವರನ್ನೂ ಎಣಿಸಲು ಇನ್ನೊಬ್ಬರು ಬೇಕೇ ಬೇಕು, ಏಕೆಂದರೆ ಹೊಗೆಯನ್ನೇ ಉಗುಳದೆ ಸಾಗುವ ಇವರು ನಮ್ಮ ಸಂಚಾರ ಸಮೀಕ್ಷೆಗಳಲ್ಲಿ ಬಹಳ ಸಲ ಲೆಕ್ಕಕ್ಕೇ ಸಿಗುವುದಿಲ್ಲ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹೊಡೆಯುವ ಹಳೆಯ ಪದ್ಧತಿಯೇ ಸಾಕು; ಆದರೆ ಪ್ರತಿ 15 ನಿಮಿಷಕ್ಕೊಮ್ಮೆ ಹೊಸ ಸಾಲಿಗೆ ಹೋಗಿ.

ಬಸ್ಸಿನೊಳಗಿನ ಜನರನ್ನು ಒಬ್ಬೊಬ್ಬರಾಗಿ ಎಣಿಸಲಾಗದು. ಅದಕ್ಕೆ ಐದು ಗುರುತು ಇಟ್ಟುಕೊಳ್ಳಿ: ಅರ್ಧಕ್ಕಿಂತ ಹೆಚ್ಚು ಸೀಟು ಖಾಲಿ, ಸೀಟುಗಳು ಬಹುಪಾಲು ಭರ್ತಿ, ಕೆಲವರು ನಿಂತಿದ್ದಾರೆ, ನಡುವಿನ ದಾರಿ ತುಂಬಿದೆ, ಬಾಗಿಲ ಮೆಟ್ಟಿಲವರೆಗೂ ಜನ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬರುವ ಬಸ್ಸನ್ನು ನೋಡಿ: ಮುಂದಿನ ಬಾಗಿಲ ಬಳಿ ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು ನಿಂತ ಹೆಂಗಸರು, ಹಿಂದಿನ ಮೆಟ್ಟಿಲ ಮೇಲೆ ಒಂದೇ ಕಾಲಿಗೆ ಜಾಗ ಸಿಕ್ಕ ಹುಡುಗ, ಜನರ ನಡುವೆ ಮುಂದಕ್ಕೆ ಹೋಗಲಾರದೆ ನಿಂತಲ್ಲಿಂದಲೇ ಟಿಕೆಟ್ ಕೈಬದಲಿಸಿ ಕಳಿಸುವ ಕಂಡಕ್ಟರ್. ಅದಕ್ಕೆ ಐದನೆಯ ಗುರುತು. ಪ್ರತಿ ಗುರುತಿಗೆ ಎಷ್ಟು ಜನ ಎಂಬುದನ್ನು ನೀವೇ ಕೆಲವು ಬಸ್ಸುಗಳಲ್ಲಿ ಪ್ರಯಾಣಿಸಿ, ತಲೆ ಎಣಿಸಿ ನಿಗದಿ ಮಾಡಿಕೊಳ್ಳಬೇಕು.

ಬಿಎಂಟಿಸಿಯ ಟಿಕೆಟ್ ಅಂಕಿಅಂಶವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅದನ್ನು ಬಳಸುವಾಗ ಎಚ್ಚರ ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡಲಾಗುತ್ತಿದೆ, ಆದ್ದರಿಂದ ಅವರ ಪ್ರಯಾಣ ದಾಖಲಾಗುತ್ತದೆ. ಪಾಸ್ ಇರುವವರಿಗೆ ಪ್ರತಿ ಸಲ ಟಿಕೆಟ್ ಹರಿಯುವುದಿಲ್ಲ, ಆದ್ದರಿಂದ ಅವರು ಎಣಿಕೆಯಿಂದ ಜಾರಿಹೋಗುತ್ತಾರೆ. ಮೊದಲು ಪಾಸಿನಲ್ಲಿ ಓಡಾಡುತ್ತಿದ್ದ ಮಹಿಳೆಯರು ಈಗ ಟಿಕೆಟ್ ಲೆಕ್ಕಕ್ಕೆ ಬರುವುದರಿಂದ, ಜೂನ್ 2023ರ ಹಿಂದಿನ ಮತ್ತು ಮುಂದಿನ ಟಿಕೆಟ್ ಸಂಖ್ಯೆಗಳನ್ನು ನೇರವಾಗಿ ಹೋಲಿಸಿ ‘ಪ್ರಯಾಣಿಕರು ಇಷ್ಟು ಹೆಚ್ಚಿದರು’ ಎಂದು ಬರೆಯುವುದು ತಪ್ಪು.

ಇನ್ನು ವಾಹನಗಳನ್ನು ಜನರಾಗಿ ಪರಿವರ್ತಿಸುವ ಹಂತ. ಇದೇ ಇಡೀ ಅಧ್ಯಯನದ ಜೀವಾಳ. ನಮ್ಮ ಎಂಜಿನಿಯರುಗಳು ಬಳಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ನಗರ ರಸ್ತೆಗಳ ಮಾರ್ಗಸೂಚಿಯಲ್ಲಿ, ಒಂದು ವಾಹನ ರಸ್ತೆಯಲ್ಲಿ ಎಷ್ಟು ಕಾರುಗಳಿಗೆ ಸಮ ಎಂದು ತೋರಿಸಲು, ಕಾರಿಗೆ 1, ಬಸ್ಸಿಗೆ ಸಂದರ್ಭಾನುಸಾರ 2.2 ಅಥವಾ 3.7 ಎಂಬ ಮೌಲ್ಯವಿದೆ. ರಸ್ತೆಯ ಜಾಗವನ್ನು ಅಳೆಯಲು ಅದು ಸರಿ. ಆದರೆ 60 ಜನರನ್ನು ಹೊತ್ತ ಬಸ್ಸು ಆ ಲೆಕ್ಕದಲ್ಲಿ ಒಬ್ಬೊಬ್ಬರೇ ಕುಳಿತ ಎರಡರಿಂದ ನಾಲ್ಕು ಕಾರುಗಳಿಗೆ ಸಮವಾಗಿ ಕಾಣುತ್ತದೆ. ಜನರನ್ನು ಸಾಗಿಸುವುದು ಮುಖ್ಯ, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ನಿಮ್ಮ ಕೋಷ್ಟಕದಲ್ಲಿ ವಾಹನಗಳ ಸಾಲಿನ ಪಕ್ಕದಲ್ಲೇ ಜನರ ಸಾಲನ್ನು ಇಟ್ಟು, ಆ ಮಾತನ್ನು ಉಲ್ಲೇಖಿಸಿ.

ಹೊರಸೂಸುವಿಕೆಯ ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ, ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 4.5 ಕಿ.ಮೀ. ಓಡುವ ಬಸ್ಸಿನಲ್ಲಿ 40 ಜನರಿದ್ದಾರೆ ಎಂದುಕೊಂಡರೆ ತಲಾ ಕಿಲೊಮೀಟರಿಗೆ 15 ಗ್ರಾಂ ಆಗುತ್ತದೆ. ಲೀಟರಿಗೆ 14 ಕಿ.ಮೀ. ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಇದ್ದರೆ 160 ಗ್ರಾಂ ದಾಟುತ್ತದೆ. ಇವು ಮಾದರಿ ಸಂಖ್ಯೆಗಳು. ನಿಮ್ಮ ರಸ್ತೆಯಲ್ಲಿ ಎಣಿಸಿದ ಸರಾಸರಿಯನ್ನೇ ಹಾಕಿಕೊಳ್ಳಿ.

ವಿದ್ಯುತ್ ಬಸ್ಸಿನ ವಿಷಯದಲ್ಲಿ ಪ್ರಾಮಾಣಿಕತೆ ಇನ್ನೂ ಹೆಚ್ಚು ಬೇಕು. 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು ಎಂಬ ಹೆಮ್ಮೆ ಸರಿಯೇ, ಆದರೆ ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಾಗಿರುವುದರಿಂದ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬರುತ್ತದೆ. ಕಿಲೊಮೀಟರಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಬಳಸುವ ಎಸಿ ವಿದ್ಯುತ್ ಬಸ್ಸನ್ನು ಎಸಿ ಇಲ್ಲದ ಡೀಸೆಲ್ ಬಸ್ಸಿಗೆ ಹೋಲಿಸಿದರೆ ಇಂಗಾಲದ ಲಾಭ ಕಾಣದೇ ಹೋಗಬಹುದು. ಎಸಿಯನ್ನು ಎಸಿಗೇ ಹೋಲಿಸಿದಾಗ ಲಾಭ ಸ್ಪಷ್ಟವಾಗಿ ಕಾಣುತ್ತದೆ. ನಿಲ್ದಾಣದಲ್ಲಿ ನಿಂತವರ ಮೂಗಿಗೆ ಬಡಿಯುವ ಹೊಗೆ ಇಲ್ಲವಾಗುವುದಂತೂ ಎರಡೂ ಸಂದರ್ಭಗಳಲ್ಲಿ ನಿಜ. ಇಂಗಾಲ ಮತ್ತು ಸ್ಥಳೀಯ ವಾಯುಮಾಲಿನ್ಯಗಳನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಒಂದು ಸಂಖ್ಯೆಯನ್ನು ಉಬ್ಬಿಸಿದ್ದು ಸಿಕ್ಕಿಬಿದ್ದರೆ ಉಳಿದ ಸಂಖ್ಯೆಗಳನ್ನು ಯಾರೂ ಓದುವುದಿಲ್ಲ.

ಪ್ರಯಾಣಿಕರೊಂದಿಗೆ ಮಾತನಾಡುವಾಗ ‘ಬಸ್ ವೇಗವಾಗಿ ಹೋದರೆ ಕಾರು ಬಿಡುವಿರಾ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ಇವತ್ತು ಈ ಬಸ್ ಇರದಿದ್ದರೆ ಹೇಗೆ ಬರುತ್ತಿದ್ದಿರಿ, ಕಳೆದ ವಾರ ಎಷ್ಟು ದಿನ ಹಾಗೆ ಬಂದಿರಿ’ ಎಂದು ಕೇಳಿ. ನಡೆದು ಬರುತ್ತಿದ್ದವರು ಬಸ್ ಹತ್ತಿದರೆ ಅವರಿಗೆ ಅನುಕೂಲವಾಗುತ್ತದೆ, ಹೊಗೆ ಕಡಿಮೆಯಾಗುವುದಿಲ್ಲ. ಸ್ಕೂಟರ್ ಬಿಟ್ಟವರು ಹತ್ತಿದರೆ ಕಡಿಮೆಯಾಗುತ್ತದೆ.

ಬದಲಾವಣೆಯ ಹಿಂದು–ಮುಂದನ್ನು ಅಳೆಯುವುದಾದರೆ ಅದೇ ಬಗೆಯ, ಬದಲಾವಣೆ ಆಗದ ಇನ್ನೊಂದು ರಸ್ತೆಯನ್ನೂ ಎಣಿಸಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ ಮತ್ತು ಟಿನ್ ಫ್ಯಾಕ್ಟರಿ ನಡುವೆ ಬಸ್ ಆದ್ಯತಾ ಪಥ ಶುರುವಾದದ್ದು 2019ರ ಕೊನೆಯಲ್ಲಿ. ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂತು, ಕಚೇರಿಗಳು ಮನೆಗೆ ಸರಿದವು, ಆಮೇಲೆ ಮೆಟ್ರೊ ಕಾಮಗಾರಿ ರಸ್ತೆಯನ್ನು ಆಕ್ರಮಿಸಿತು. ಆ ಅವಧಿಯ ಅಂಕಿಗಳಲ್ಲಿ ಪಥದ ಪರಿಣಾಮ ಎಷ್ಟು, ಉಳಿದವುಗಳದ್ದು ಎಷ್ಟು ಎಂದು ಬಿಡಿಸುವುದು ಹೋಲಿಕೆಯ ರಸ್ತೆಯಿಲ್ಲದೆ ಆಗದ ಕೆಲಸ.

ವರದಿ ಕನ್ನಡದಲ್ಲಿ, ಎರಡು ಪುಟ ಮೀರದಂತೆ ಇರಲಿ. ಮೊದಲ ಪ್ಯಾರಾದಲ್ಲೇ ಯಾವ ರಸ್ತೆ, ಎಷ್ಟು ದೂರ, ಯಾವ ಹೊತ್ತು, ಏನು ಬೇಕು ಎಂಬುದನ್ನು ಬರೆಯಿರಿ; ಎಣಿಕೆಯ ಮೂಲ ಹಾಳೆಗಳನ್ನು ಲಗತ್ತಿಸಿ. ರಾಜ್ಯ ಬಜೆಟ್‌ಗೆ ಇಲಾಖೆಗಳು ಪ್ರಸ್ತಾವ ಸಿದ್ಧಪಡಿಸುವುದು ತಿಂಗಳುಗಳ ಮೊದಲೇ ಆದ್ದರಿಂದ ದೀಪಾವಳಿಯ ಹೊತ್ತಿಗೆ ವರದಿ ಕಚೇರಿ ತಲುಪಿರಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಖಾಲಿ ನಮೂನೆಯ ಒಂದು ಪ್ರತಿಯನ್ನು ಎತ್ತಿಡಿ: ಪಥ ಬಂದ ಆರು ತಿಂಗಳಿಗೆ ಅದೇ ಜಾಗದಲ್ಲಿ, ಅದೇ ಮೂರು ದಿನ, ಅದೇ ನಮೂನೆಯಲ್ಲಿ ಮತ್ತೆ ಎಣಿಸಬೇಕಾಗುತ್ತದೆ.