ಮನೆಯಲ್ಲೇ ವಿಮಾನ ಹಾರಿಸಲು ಯಾವ ಜಾಯ್‌ಸ್ಟಿಕ್, ಯಾವ ಪೆಡಲ್?

ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಸಾಫ್ಟ್‌ವೇರ್ ಹಾಕಿಕೊಂಡವರು ನಮ್ಮ ಮಂಗಳೂರು, ಮಣಿಪಾಲದ ಕಡೆ ಈಗ ಸಾಕಷ್ಟು ಜನ ಇದ್ದಾರೆ. ಸ್ವಲ್ಪ ನೋಡಿ ಹೇಳಿ ಮಾರಾಯ್ರೆ ಎಂದು ಕರೆದವರ ಮನೆಗೆ ಹೋದರೆ ಹೆಚ್ಚುಕಡಿಮೆ ಒಂದೇ ಕತೆ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡೆಲ್ಲ ಸುರಿದಿರುತ್ತಾರೆ, ಉಳಿದದ್ದರಲ್ಲಿ ಯಾವುದೋ ಒಂದು ಜಾಯ್‌ಸ್ಟಿಕ್ ತಂದಿರುತ್ತಾರೆ, ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿದರೆ ಸಾಫ್ಟ್‌ವೇರ್ ಸರಿ ಇಲ್ಲ ಅನ್ನುತ್ತಾರೆ. ಸಾಫ್ಟ್‌ವೇರ್ ಸರಿಯೇ ಇರುತ್ತದೆ. ತಪ್ಪಿರುವುದು ಕೊಳ್ಳುವ ಕ್ರಮದಲ್ಲಿ, ಆಮೇಲೆ ಸೆಟ್ಟಿಂಗ್‌ನಲ್ಲಿ.

ಮೊದಲು ಯಾವ ವಿಮಾನ ಹಾರಿಸುತ್ತೀರಿ ಎಂದು ತೀರ್ಮಾನ ಮಾಡಿ. ಮಂಗಳೂರಿನ ವಿಮಾನ ನಿಲ್ದಾಣ ಬಜ್ಪೆಗೆ ಬರುವ ವಿಮಾನಗಳನ್ನೇ ತೆಗೆದುಕೊಳ್ಳಿ. ಇಂಡಿಗೋದ ಏರ್‌ಬಸ್ ಎ320ಯಲ್ಲಿ ಪೈಲಟ್ ಹಿಡಿಯುವುದು ಪಕ್ಕದಲ್ಲಿರುವ ಸೈಡ್‌ಸ್ಟಿಕ್, ಅಂದರೆ ಜಾಯ್‌ಸ್ಟಿಕ್ಕೇ. ಅದೇ ಇಂಡಿಗೋದ ಎಟಿಆರ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737, ಕಲಿಯುವವರು ಹಾರಿಸುವ ಸೆಸ್ನಾ 172, ಇವಕ್ಕೆಲ್ಲ ಎದುರಿಗೆ ಯೋಕ್, ಅಂದರೆ ತಿರುಗಿಸಲೂ ಎಳೆಯಲೂ ತಳ್ಳಲೂ ಬರುವ ಸ್ಟಿಯರಿಂಗ್‌ನಂಥ ಹಿಡಿಕೆ, ಇರುತ್ತದೆ. ಇನ್ನೂ ಗೊತ್ತಿಲ್ಲ ಅನ್ನುವವರು ಜಾಯ್‌ಸ್ಟಿಕ್ ತೆಗೆದುಕೊಳ್ಳಿ. ಜಾಯ್‌ಸ್ಟಿಕ್‌ನಲ್ಲಿ ಸೆಸ್ನಾ ಚೆನ್ನಾಗಿಯೇ ಹಾರುತ್ತದೆ, ಯೋಕ್ ಹಿಡಿದು ಏರ್‌ಬಸ್ ಹಾರಿಸುವುದು ಕೈಗೆ ಒಗ್ಗುವುದಿಲ್ಲ. ಏರ್‌ಬಸ್ ಕ್ಯಾಪ್ಟನ್ ಎಡಗೈಯಲ್ಲಿ ಸ್ಟಿಕ್ ಹಿಡಿಯುತ್ತಾರೆ, ಆದ್ದರಿಂದ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಅಥವಾ ಅದೇ ಕಂಪನಿಯ ಟಿಸಿಎ ಸೈಡ್‌ಸ್ಟಿಕ್ ತರಹ ಎರಡೂ ಕೈಗೆ ಹೊಂದಿಸಿಕೊಳ್ಳಬಹುದಾದದ್ದೇ ಒಳ್ಳೆಯದು. ಯೋಕೇ ಬೇಕು ಅನ್ನುವವರು ಅದು ಎಷ್ಟು ತಿರುಗುತ್ತದೆ ಎಂದು ಕೇಳಿ. ಹನಿಕೋಂಬ್ ಆಲ್ಫಾ ಒಟ್ಟು 180 ಡಿಗ್ರಿ ತಿರುಗುತ್ತದೆ, ಲಾಜಿಟೆಕ್‌ನ ಯೋಕ್ 90 ಮಾತ್ರ. ಕಡಿಮೆ ತಿರುಗಿದಷ್ಟೂ ಸಣ್ಣ ತಿದ್ದುಪಡಿ ಕಷ್ಟ. ಕಾರ್ ಗೇಮಿನ ಸ್ಟಿಯರಿಂಗನ್ನೇ ಯೋಕ್ ಅಂತ ಬಳಸುವ ಉಪಾಯ ಹೇಳುವವರಿದ್ದಾರೆ, ಬೇಡ. ಅದನ್ನು ಎಳೆಯಲು, ತಳ್ಳಲು ಆಗುವುದಿಲ್ಲ, ಹಾಗಾಗಿ ಮೂಗು ಏರಿಸಿ ಇಳಿಸುವ ಕೆಲಸ ಬಟನ್‌ಗೆ ಹೋಗುತ್ತದೆ.

ಎರಡನೆಯದು ಸೆನ್ಸರ್. ಕರಾವಳಿಯವರು ಇದನ್ನು ಬೇರೆಯವರಿಗಿಂತ ಜಾಸ್ತಿ ಗಮನಿಸಬೇಕು. ಅಗ್ಗದ ಜಾಯ್‌ಸ್ಟಿಕ್‌ಗಳ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ಹಳೆ ರೇಡಿಯೋದ ವಾಲ್ಯೂಮ್ ತಿರುಪು ಕರಕರ ಅನ್ನುತ್ತಿತ್ತಲ್ಲ, ಅದರೊಳಗಿದ್ದದ್ದೂ ಇದೇ ವಸ್ತು. ಒಂದು ಪಟ್ಟಿಯ ಮೇಲೆ ಲೋಹದ ತುದಿ ಉಜ್ಜಿಕೊಂಡು ಓಡಾಡುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ, ಧೂಳೂ ತೇವವೂ ಸೇರಿದರೆ ನೀವು ಮುಟ್ಟದೇ ಇದ್ದಾಗಲೂ ರೆಕ್ಕೆ ಅಲ್ಲಾಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ, ಉಪ್ಪುಗಾಳಿಯ ನಮ್ಮ ಊರಲ್ಲಿ ಇಂಥದ್ದು ಬಾಳಿಕೆ ಬರುತ್ತದೆ ಎಂದು ನಂಬಿ ಕೂರಬೇಡಿ. ಹಾಲ್ ಎಫೆಕ್ಟ್ ಸೆನ್ಸರ್‌ನಲ್ಲಿ ಒಂದು ಅಯಸ್ಕಾಂತ ಚಲಿಸುತ್ತದೆ, ಚಿಪ್ ಅದನ್ನು ದೂರದಿಂದಲೇ ಅಳೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವ ಪ್ರಶ್ನೆಯೂ ಇಲ್ಲ. ಟಿ.16000ಎಂ ಸ್ಟಿಕ್‌ನ ಮುಖ್ಯ ಆಕ್ಸಿಸ್‌ಗಳಲ್ಲಿ, ಅಂದರೆ ಹಿಂದೆ-ಮುಂದೆ, ಎಡ-ಬಲ ಚಲನೆಗಳಲ್ಲಿ, ಇದು ಉಂಟು, ವಿಕೆಬಿಯ ಗ್ಲಾಡಿಯೇಟರ್‌ನಲ್ಲೂ ಒಂದಕ್ಕೊಂದು ತಾಗದ ಸೆನ್ಸರೇ. ಡಬ್ಬಿಯ ಮೇಲೆ ಸೆನ್ಸರ್ ಯಾವುದು ಎಂದು ಬರೆದೇ ಇಲ್ಲ ಅಂದರೆ ಪೊಟೆನ್ಶಿಯೋಮೀಟರ್ ಎಂದೇ ತಿಳಿಯಿರಿ. ಮನೆಯಲ್ಲಿ ಈಗಾಗಲೇ ಅಂಥದ್ದು ಇದ್ದು ನಡುಗುತ್ತಿದ್ದರೆ, ತುಕ್ಕಿಗೆ ಹೊಡೆಯುವ ಸ್ಪ್ರೇ ಮಾತ್ರ ಹೊಡೆಯಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂದೇ ಕೇಳಿ ತನ್ನಿ.

ಮೂರನೆಯದು ರಡರ್ ಪೆಡಲ್. ರಡರ್ ಅಂದರೆ ವಿಮಾನದ ಬಾಲದಲ್ಲಿದ್ದು ಮೂಗನ್ನು ಎಡಬಲಕ್ಕೆ ತಿರುಗಿಸುವ ಹಲಗೆ, ಅದನ್ನು ಕಾಲಿನಿಂದ ಆಡಿಸುವುದು ಈ ಪೆಡಲ್. ಜಾಯ್‌ಸ್ಟಿಕ್ಕನ್ನು ತಿರುಚಿದರೆ ರಡರ್ ಕೆಲಸ ಮಾಡುತ್ತದಲ್ಲ, ಪೆಡಲ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಬಜ್ಪೆಯ ಉದಾಹರಣೆಯನ್ನೇ ಹೇಳುತ್ತೇನೆ. ರನ್‌ವೇ 24 ಸುಮಾರು 240 ಡಿಗ್ರಿ ದಿಕ್ಕಿಗೆ ಮುಖ ಮಾಡಿದೆ. ಮಳೆಗಾಲದಲ್ಲಿ ಪಡುವಣದಿಂದ, ಅಂದರೆ 270 ಡಿಗ್ರಿಯಿಂದ, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ವ್ಯತ್ಯಾಸ 30 ಡಿಗ್ರಿ, ಹಾಗಾಗಿ ಗಾಳಿಯ ಅರ್ಧ, 10 ನಾಟ್, ಬಲಗಡೆಯಿಂದ ಅಡ್ಡ ಬಡಿಯುತ್ತದೆ. ಮೂಗನ್ನು ಸ್ವಲ್ಪ ಬಲಕ್ಕೆ ಇಟ್ಟುಕೊಂಡು ಬರುತ್ತೀರಿ. ಚಕ್ರ ನೆಲ ಮುಟ್ಟುವ ಮೊದಲು ಎಡ ರಡರ್ ಕೊಟ್ಟು ಮೂಗನ್ನು ರನ್‌ವೇಗೆ ನೇರ ಮಾಡಬೇಕು, ಅದೇ ಗಳಿಗೆಯಲ್ಲಿ ಸ್ಟಿಕ್ಕನ್ನು ಬಲಕ್ಕೆ ವಾಲಿಸಿ ವಿಮಾನ ಪಕ್ಕಕ್ಕೆ ಸರಿಯದಂತೆ ಹಿಡಿಯಬೇಕು. ಒಂದೇ ಮಣಿಕಟ್ಟು ಎಡಕ್ಕೆ ತಿರುಚಬೇಕು, ಬಲಕ್ಕೆ ಬಾಗಬೇಕು, ಜೊತೆಗೆ ಮೆಲ್ಲ ಹಿಂದಕ್ಕೆ ಎಳೆಯಬೇಕು. ಎಷ್ಟು ಅಭ್ಯಾಸ ಮಾಡಿದರೂ ಇದು ಶುದ್ಧವಾಗಿ ಬರುವುದಿಲ್ಲ. ಕಾಲಿಗೆ ಅರ್ಧ ಕೆಲಸ ಕೊಟ್ಟರೆ ಕೈ ಹಗುರಾಗುತ್ತದೆ. ಅದಕ್ಕೇ ನನ್ನ ಮಾತು ಖಡಾಖಂಡಿತ: ದುಬಾರಿ ಯೋಕ್‌ಗಿಂತ ಮೊದಲು ಸಾಧಾರಣ ಸ್ಟಿಕ್ ಮತ್ತು ಪೆಡಲ್. ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಲಿವರ್, ಆಮೇಲೆ ತಂದರೂ ನಡೆಯುತ್ತದೆ, ಬಹಳಷ್ಟು ಸ್ಟಿಕ್‌ಗಳಲ್ಲೇ ಒಂದು ಸಣ್ಣ ಲಿವರ್ ಇರುತ್ತದೆ.

ಕಂಪ್ಯೂಟರ್ ವಿಷಯ ಚುಟುಕಾಗಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ 16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ನೆಮ್ಮದಿ. ನೆಲದ ಚಿತ್ರಗಳೆಲ್ಲ ಇಂಟರ್‌ನೆಟ್‌ನಿಂದ ಬರುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಬೇಡಿ. ನೆಟ್ ಸರಿ ಇಲ್ಲದ ಊರಿನವರು ಎಕ್ಸ್-ಪ್ಲೇನ್ 12 ನೋಡಿ, ದುಡ್ಡೇ ಬೇಡ ಅನ್ನುವವರಿಗೆ ಫ್ಲೈಟ್‌ಗಿಯರ್ ಉಚಿತ.

ಜೋಡಿಸುವುದು: ಸ್ಟಿಕ್ ಅಲುಗಬಾರದು, ಪೆಡಲ್ ಜಾರಬಾರದು. ನಮ್ಮ ಮನೆಗಳ ನುಣ್ಣನೆ ನೆಲದಲ್ಲಿ ಪೆಡಲ್ ಹಿಂದೆ ಸರಿದೇ ಸರಿಯುತ್ತದೆ, ಗೋಡೆಗೆ ತಾಗಿಸಿ ಒಂದು ಹಲಗೆ ಇಡಿ, ಸಾಕು.

ಈಗ ಎಲ್ಲರೂ ಎಡವುವ ಜಾಗ, ಸೆಟ್ಟಿಂಗ್. ನಿಧಾನವಾಗಿ ಮಾಡಿ.

ಸಿಮ್ಯುಲೇಟರ್ ತೆರೆಯುವ ಮೊದಲು ವಿಂಡೋಸ್‌ನ ಸರ್ಚ್‌ನಲ್ಲಿ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್ ಎಂದು ಹುಡುಕಿ, ಪ್ರಾಪರ್ಟೀಸ್ ಒತ್ತಿ. ಕೈ ತೆಗೆದು ನೋಡಿ, ಪ್ಲಸ್ ಗುರುತು ನಡುವಲ್ಲಿ ಸುಮ್ನೆ ನಿಲ್ಲಬೇಕು. ನಡುಗುತ್ತಿದ್ದರೆ ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರಿಗೇ ಚುಚ್ಚಿ ನೋಡಿ, ಆಗಲೂ ನಡುಗಿದರೆ ತೊಂದರೆ ಸ್ಟಿಕ್‌ನಲ್ಲೇ ಇದೆ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಕೊಡಿ. ಕಂಪನಿಯದೇ ಕ್ಯಾಲಿಬ್ರೇಶನ್ (ಸ್ಟಿಕ್‌ನ ನಡು, ತುದಿ ಸರಿಹೊಂದಿಸುವ) ಸಾಫ್ಟ್‌ವೇರ್ ಇದ್ದರೆ ಅದನ್ನು ಮಾತ್ರ ಬಳಸಿ, ವಿಂಡೋಸ್‌ನಲ್ಲಿ ಇನ್ನೊಮ್ಮೆ ಮಾಡಬೇಡಿ. ಹಾರಾಟದ ನಡುವೆ ಪೆಡಲ್ ಸತ್ತುಹೋಗುತ್ತದೆ ಎಂಬ ದೂರು ಬಹಳ ಕೇಳುತ್ತೇನೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಆಫ್ ಮಾಡುವ ಟಿಕ್ ತೆಗೆದರೆ ಸಾಧಾರಣ ಸರಿಯಾಗುತ್ತದೆ.

ಆಮೇಲೆ ಸಿಮ್ಯುಲೇಟರ್‌ನ ಕಂಟ್ರೋಲ್ಸ್ ಪುಟ. ಇಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಸಾಧನ ಕೂತಿರುತ್ತದೆ. ಸ್ಟಿಕ್‌ನ ತಿರುಚುವಿಕೆಯೂ ರಡರ್, ಪೆಡಲೂ ರಡರ್, ಚುಚ್ಚಿಟ್ಟು ಮರೆತ ಗೇಮ್‌ಪ್ಯಾಡ್ ಕೂಡ ರಡರ್. ಮೂರೂ ಒಟ್ಟಿಗೆ ಮಾತಾಡಿದರೆ ವಿಮಾನ ಹುಲ್ಲಿಗೇ ಹೋಗುವುದು, ಅಲ್ವಾ? ಒಂದೊಂದೇ ಸಾಧನ ಆಯ್ಕೆ ಮಾಡಿ, ರಡರ್ ಆಕ್ಸಿಸ್ ಪೆಡಲ್‌ನಲ್ಲಿ ಮಾತ್ರ ಉಳಿಸಿ, ಉಳಿದ ಕಡೆ ಅಳಿಸಿ. ಥ್ರಾಟಲ್‌ಗೂ ಇದೇ. ಬ್ರೇಕ್ ಕೂಡ ನೋಡಬೇಕು. ಪೆಡಲ್‌ನ ತುದಿ ಒತ್ತಿದರೆ ಬ್ರೇಕ್, ಆದರೆ ಆಕ್ಸಿಸ್ ಉಲ್ಟಾ ಇದ್ದರೆ ಒತ್ತದೇ ಇದ್ದಾಗಲೇ ಪೂರ್ತಿ ಬ್ರೇಕ್ ಬಿದ್ದಿರುತ್ತದೆ. ಎಂಜಿನ್ ಅಬ್ಬರಿಸುತ್ತಿದೆ, ಪಾರ್ಕಿಂಗ್ ಬ್ರೇಕೂ ತೆಗೆದಾಗಿದೆ, ವಿಮಾನ ಮಾತ್ರ ಕದಲುತ್ತಿಲ್ಲ ಅಂದರೆ ಇದೇ. ರಿವರ್ಸ್ ಆಕ್ಸಿಸ್ ಟಿಕ್ ಮಾಡಿ.

ಕೊನೆಗೆ ಸೆನ್ಸಿಟಿವಿಟಿ ಕರ್ವ್, ಅಂದರೆ ಸ್ಟಿಕ್ ಎಷ್ಟು ಸರಿಸಿದರೆ ವಿಮಾನ ಎಷ್ಟು ಸ್ಪಂದಿಸಬೇಕು ಎಂದು ಹೇಳುವ ಗೆರೆ. ಮನೆಯ ಸ್ಟಿಕ್ ಗಿಡ್ಡ, ಕೂದಲೆಳೆಯಷ್ಟು ಸರಿಸಿದರೂ ಮೂಗು ಜಿಗಿಯುತ್ತದೆ. ಮೈಕ್ರೋಸಾಫ್ಟ್‌ನದರಲ್ಲಿ ಏರಿಳಿಕೆಗೂ ವಾಲುವುದಕ್ಕೂ ಸೆನ್ಸಿಟಿವಿಟಿ ಮೈನಸ್ 30ರಿಂದ ಶುರು ಮಾಡಿ, ನಡುವಿನ ಭಾಗ ಮೆತ್ತಗಾಗುತ್ತದೆ. ಮೈನಸ್ 60ರ ಆಚೆ ಹೋಗಬೇಡಿ, ನಡುವಲ್ಲಿ ಏನೂ ಆಗದೆ ತುದಿಯಲ್ಲಿ ಎಲ್ಲವೂ ಒಮ್ಮೆಲೇ ಆಗುತ್ತದೆ. ಹಾಲ್ ಸೆನ್ಸರ್ ಸ್ಟಿಕ್‌ಗೆ ಡೆಡ್ ಝೋನ್, ಅಂದರೆ ಸರಿಸಿದರೂ ಸಿಮ್ಯುಲೇಟರ್ ಲೆಕ್ಕಿಸದ ನಡುವಿನ ಜಾಗ, 2 ಅಥವಾ 3 ಶೇಕಡಾ ಸಾಕು. ನಡುಕ ಮುಚ್ಚಲು 15 ಇಡುವವರಿದ್ದಾರೆ, ಅವರಿಗೆ ಲ್ಯಾಂಡಿಂಗ್‌ನ ಸಣ್ಣ ತಿದ್ದುಪಡಿಗಳೆಲ್ಲ ಕೈತಪ್ಪುತ್ತವೆ. ಥ್ರಾಟಲ್‌ಗೆ ಕರ್ವ್ ಬೇಡವೇ ಬೇಡ, ನೇರ ಗೆರೆ ಇರಲಿ.

ಪರೀಕ್ಷೆಗೆ ಬಜ್ಪೆಯನ್ನೇ ತೆಗೆದುಕೊಳ್ಳಿ, ಕೋಡ್ ವಿಒಎಂಎಲ್, ಗುಡ್ಡದ ತಲೆ ಮೇಲಿನ ರನ್‌ವೇ, ಉದ್ದ ಸುಮಾರು 2,450 ಮೀಟರ್. ಸೆಸ್ನಾ 172, ಮೊದಲು ಗಾಳಿ ಸೊನ್ನೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಮೂಗು ಮೆಲ್ಲ ಎಡಕ್ಕೆ ಎಳೆದರೆ ಗಾಬರಿ ಬೇಡ, ಪ್ರೊಪೆಲರ್ ವಿಮಾನ ಹಾಗೆಯೇ, ಬಲ ಪೆಡಲ್ ಒತ್ತಿ ಹಿಡಿಯಿರಿ. ಥ್ರಾಟಲ್ ಪೂರ್ತಿ ಇಳಿಸಿ ಉರುಳುವಾಗಲೂ ಅದೇ ಜೋರಿನಲ್ಲಿ ಒಂದೇ ಕಡೆ ಎಳೆದರೆ ಮಾತ್ರ ಎಲ್ಲೋ ಇನ್ನೊಂದು ರಡರ್ ಅಳಿಸದೆ ಉಳಿದಿದೆ, ಕಂಟ್ರೋಲ್ಸ್ ಪುಟಕ್ಕೆ ವಾಪಸ್ ಹೋಗಿ. ನೇರ ಓಡಿತು ಅಂದರೆ 270ರಿಂದ 10 ನಾಟ್ ಗಾಳಿ ಹಾಕಿ ರನ್‌ವೇ 24ಕ್ಕೆ ಇಳಿಸಿ, ಅದು ಕೈಗೆ ಬಂದ ಮೇಲೆ 20 ಮಾಡಿ.