ಡಿ.ಎ.ಆರ್. ಸಂಘ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಪೌರತ್ವದ ಪ್ರಮಾಣವಚನಕ್ಕೆ ಹೋದಾಗ ಪುಟ್ಟ ಬಾವುಟ ಕೈಗಿಟ್ಟು ನಗುನಗುತ್ತಾ ಸ್ವಾಗತಿಸುವ ಹೆಂಗಸರು ಸಿಗಬಹುದು. ಎಷ್ಟೋ ಊರುಗಳಲ್ಲಿ ಅವರು 'ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್' ಸಂಘದವರು. ಎಲ್ಲರೂ ಡಿ.ಎ.ಆರ್. ಅಂತಾರೆ. ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದವರ ವಂಶದ ಹೆಂಗಸರ ಸಂಘ ಇದು.

1890ರಲ್ಲಿ ಇಂಥದ್ದೇ ಗಂಡಸರ ಸಂಘ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ಇವರು ತಮ್ಮದೇ ಸಂಘ ಕಟ್ಟಿದರು. ದೇಶಪ್ರೇಮ, ಶಿಕ್ಷಣ, ಹಳೆಯದನ್ನು ಉಳಿಸುವುದು, ಈ ಮೂರು ಅವರ ಕೆಲಸ.

ಸದಸ್ಯರಾಗೋಕೆ 18 ವರ್ಷ ತುಂಬಿರಬೇಕು, ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದವರ ನೇರ ವಂಶದವರಾಗಿರಬೇಕು, ಅದನ್ನು ತಲೆಮಾರು ತಲೆಮಾರಿಗೂ ಜನನ, ಮದುವೆ, ಮರಣದ ಕಾಗದಗಳಿಂದ ತೋರಿಸಬೇಕು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಸದಸ್ಯತ್ವ ಸಿಗೋದಿಲ್ಲ. ಆದರೆ ನಿಮ್ಮ ಗಂಡ ಇಲ್ಲಿನ ಹಳೆಯ ಮನೆತನದವರಾಗಿದ್ದರೆ, ಮಗಳಿಗೆ ಅಪ್ಪನ ಕಡೆಯಿಂದ ದಾರಿ ಇರಬಹುದು. ಅತ್ತೆಯವರನ್ನು ಕೇಳಿ, ಹಳೆಯ ಕಾಗದಗಳು ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತವೆ.

ಸದಸ್ಯರಾಗದಿದ್ದರೂ ಪ್ರಯೋಜನ ಜಾಸ್ತಿ ಇದೆ. 5ರಿಂದ 8ನೇ ತರಗತಿ ಮಕ್ಕಳಿಗೆ ಅಮೆರಿಕದ ಇತಿಹಾಸದ ಪ್ರಬಂಧ ಸ್ಪರ್ಧೆ ನಡೆಸುತ್ತಾರೆ. ಶಾಲೆಯ ಟೀಚರ್ ಹೇಳಲಿ ಅಂತ ಕಾಯಬೇಡಿ, ನೀವೇ ಕೇಳಿ. ನಮ್ಮ ಮಕ್ಕಳು ಸ್ಪೆಲ್ಲಿಂಗ್ ಬೀ ಅನ್ನೋ ಇಂಗ್ಲಿಷ್ ಕಾಗುಣಿತ ಸ್ಪರ್ಧೆಗೇ ನಿಲ್ಲಬೇಕಾಗಿಲ್ಲ, ಅಲ್ವಾ? ವಾಷಿಂಗ್ಟನ್‌ಗೆ ಹೋದರೆ ಶ್ವೇತಭವನದ ಹತ್ತಿರವೇ ಇರುವ ಇವರ ಮ್ಯೂಸಿಯಂ ನೋಡಿ. ಬೇರೆ ಬೇರೆ ಕಾಲದ ಮನೆಗಳ ಕೋಣೆಗಳನ್ನು ಹಾಗೇ ಸಜ್ಜುಮಾಡಿಟ್ಟಿದ್ದಾರೆ. ವಂಶಾವಳಿ ಹುಡುಕುವವರಿಗೆ ದೊಡ್ಡ ಲೈಬ್ರರಿಯೂ ಅಲ್ಲೇ ಇದೆ.

ಒಂದು ಕಹಿ ಸಂಗತಿಯನ್ನೂ ತಿಳಿದಿರಬೇಕು. 1939ರಲ್ಲಿ ಕಪ್ಪು ಜನಾಂಗದ ಗಾಯಕಿ ಮೇರಿಯನ್ ಆಂಡರ್ಸನ್ ಅವರಿಗೆ ಈ ಸಂಘ ತನ್ನ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲಿಲ್ಲ. ಅದನ್ನು ವಿರೋಧಿಸಿ ಆಗಿನ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಕೊಟ್ಟರು. ಆಂಡರ್ಸನ್ ಲಿಂಕನ್ ಸ್ಮಾರಕದ ಮುಂದೆ ಹಾಡಿದರು, ಸುಮಾರು 75,000 ಜನ ಸೇರಿದ್ದರು. ಮುಂದೆ ಅದೇ ಹಾಲ್‌ನಲ್ಲೂ ಹಾಡಿದರು, ಸಂಘವೂ ಆ ತಪ್ಪಿಗೆ ಕ್ಷಮೆ ಕೇಳಿದೆ. ಮಕ್ಕಳಿಗೆ ಈ ಕತೆಯನ್ನು ಖಂಡಿತ ಹೇಳಿ, ಮುಚ್ಚಿಡಬೇಡಿ. ನಮ್ಮಂಥ ಬಣ್ಣದವರಿಗೆ ಈ ದೇಶದಲ್ಲಿ ಬಾಗಿಲು ಹೇಗೆ ತೆರೆಯಿತು ಅಂತ ಅವರಿಗೆ ಗೊತ್ತಿರಲಿ.

ಸೆಪ್ಟೆಂಬರ್ 17ರಿಂದ 23 ಅಮೆರಿಕದ ಸಂವಿಧಾನ ಸಪ್ತಾಹ. ಆ ಸಪ್ತಾಹ ಆಚರಿಸಬೇಕು ಅಂತ ಅಮೆರಿಕದ ಸಂಸತ್ತನ್ನು ಕೇಳಿಕೊಂಡವರೂ ಇವರೇ. ಆ ವಾರ ಊರಿನ ಲೈಬ್ರರಿಯಲ್ಲಿ ಇವರ ಕಾರ್ಯಕ್ರಮ ಇದ್ದರೆ ಸುಮ್ನೆ ಹೋಗಿ ಕೂತುಕೊಳ್ಳಿ, ಪೌರತ್ವ ಪರೀಕ್ಷೆಯ ಪ್ರಶ್ನೆಗಳಿದ್ದರೆ ಅವರನ್ನೇ ಕೇಳಿ.